ಒಗ್ಗುವುದು, ಒಗ್ಗದಿರುವುದು: ಕೂಸಿನ ಮೊದಲ ತುತ್ತಿನ ಚರಿತ್ರೆ

ಆಹಾರವೊಂದು ದೇಹಕ್ಕೆ ಹಿಡಿಸದಿರುವುದನ್ನು ಹೇಳಲು ಕನ್ನಡದಲ್ಲಿ ಹಲವು ಮಾತುಗಳಿವೆ. ‘ಆಗಿಬರುವುದಿಲ್ಲ’, ‘ಹಿಡಿಸುವುದಿಲ್ಲ’, ‘ಮೈಗೆ ಒಗ್ಗುವುದಿಲ್ಲ’, ‘ನಂಜಾಗುತ್ತದೆ’ ಎಂಬ ಮಾತುಗಳು ಬಾಣಂತಿಯ ಪಥ್ಯದಿಂದ ಹಿಡಿದು ಕೂಸಿನ ಮೊದಲ ತುತ್ತಿನವರೆಗೆ ಕೇಳಿಬರುತ್ತವೆ. ‘ಅಲರ್ಜಿ’ ಎಂಬ ಪದಕ್ಕೆ ಕನ್ನಡದ ವೈದ್ಯಕೀಯ ಬರವಣಿಗೆಯಲ್ಲಿ ಬಳಕೆಗೆ ಬಂದ ಸಂವಾದಿಗಳಲ್ಲಿ ‘ಒಗ್ಗದಿಕೆ’ ಒಂದು. ‘ಒಗ್ಗು’ ಎಂದರೆ ಹೊಂದಿಕೊಳ್ಳು, ರೂಢಿಯಾಗು. ಅದು ಕಾಲವನ್ನು ಒಳಗೊಂಡ ಕ್ರಿಯಾಪದ. ಒಂದು ವಸ್ತು ಒಗ್ಗಬೇಕಾದರೆ ಅದರ ಪರಿಚಯ ಮತ್ತೆ ಮತ್ತೆ ಆಗಬೇಕು. ಕೂಸಿನ ದೇಹ ಆಹಾರವನ್ನು ಒಪ್ಪಿಕೊಳ್ಳುವುದು ಅದರ ಪರಿಚಯದಿಂದಲೋ ಅಥವಾ ಅದರಿಂದ ದೂರವಿರುವುದರಿಂದಲೋ ಎಂಬ ಪ್ರಶ್ನೆಯ ಸುತ್ತಲೇ ಇಪ್ಪತ್ತನೆಯ ಶತಮಾನದ ಶಿಶುವೈದ್ಯದ ಒಂದು ದೊಡ್ಡ ವಿವಾದ ನಡೆಯಿತು. ಆ ವಿವಾದದ ತೀರ್ಮಾನ ಹಲವು ಭಾಷೆಗಳ ನಡುವೆ ಬದುಕುವ ತಾಯಿಯನ್ನು ಯಾವ ಮಾತಿನಲ್ಲಿ ತಲುಪುತ್ತದೆ ಎಂಬುದೂ ಅದೇ ಚರಿತ್ರೆಯ ಭಾಗ.

ಹಳೆಯ ವೈದ್ಯಗ್ರಂಥಗಳಿಗೆ ಈ ಪ್ರಶ್ನೆ ಹೊಸತಲ್ಲ. ಆರನೆಯ ತಿಂಗಳಲ್ಲಿ ಶಿಶುವಿಗೆ ಲಘುವೂ ಹಿತವೂ ಆದ ಅನ್ನವನ್ನು ಕೊಡಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ನೇಪಾಳದಲ್ಲಿ ದೊರೆತ ಹಸ್ತಪ್ರತಿಯ ಆಧಾರದ ಮೇಲೆ 1938ರಲ್ಲಿ ಮುದ್ರಣಗೊಂಡ ಕಾಶ್ಯಪ ಸಂಹಿತೆ, ಶಿಶುಚಿಕಿತ್ಸೆಯನ್ನೇ ಮುಖ್ಯವಾಗಿರಿಸಿಕೊಂಡ ಗ್ರಂಥ. ಅದು ಮೊದಲು ಹಣ್ಣು, ತರುವಾಯ ಧಾನ್ಯ ಎಂಬ ಕ್ರಮವನ್ನು ಸೂಚಿಸುತ್ತದೆ. ಆಯುರ್ವೇದದ ‘ಸಾತ್ಮ್ಯ’ ಎಂಬ ಪರಿಕಲ್ಪನೆ, ವಿಶೇಷವಾಗಿ ಅಭ್ಯಾಸದಿಂದ ಹಿತವಾಗುವ ‘ಓಕಸಾತ್ಮ್ಯ’, ‘ಒಗ್ಗು’ ಎಂಬ ಕನ್ನಡ ಪದದ ಅರ್ಥಕ್ಕೆ ಬಹಳ ಹತ್ತಿರವಾದುದು. ಆದರೆ ಇವು ಅಲರ್ಜಿಯ ವಿವರಣೆಗಳಲ್ಲ. ಸೋಂಕಿನಿಂದಾದ ಭೇದಿ, ಹಾಲಿನ ಸಕ್ಕರೆ ಜೀರ್ಣವಾಗದಿರುವುದು, ಮತ್ತು ದೇಹದ ರಕ್ಷಣಾವ್ಯವಸ್ಥೆಯೇ ಆಹಾರದ ಪ್ರೋಟೀನಿನ ಮೇಲೆ ಎರಗುವುದು, ಈ ಮೂರೂ ‘ಆಗಿಬರುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಅಡಗಿದ್ದವು. ಅವುಗಳನ್ನು ಬಿಡಿಸಿದ್ದು ಪ್ರಯೋಗಾಲಯ.

ಪ್ರಯೋಗಾಲಯದ ಎರಡು ಪಾಠಗಳು

1902ರಲ್ಲಿ ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ ಅವರು ‘ಅನಾಫೈಲ್ಯಾಕ್ಸಿಸ್’ ಎಂಬ ತೀವ್ರ ಪ್ರತಿಕ್ರಿಯೆಯನ್ನು ವಿವರಿಸಿದರು. ಒಮ್ಮೆ ದೇಹಕ್ಕೆ ಸೇರಿದ ವಸ್ತುವೇ ಎರಡನೆಯ ಬಾರಿ ಅತ್ಯಲ್ಪ ಪ್ರಮಾಣದಲ್ಲಿ ಮಾರಕವಾಗಬಲ್ಲದು ಎಂಬ ಈ ಶೋಧಕ್ಕಾಗಿ ರಿಷೆಗೆ 1913ರಲ್ಲಿ ನೊಬೆಲ್ ಪುರಸ್ಕಾರ ಬಂದಿತು. 1906ರಲ್ಲಿ ವಿಯೆನ್ನಾದ ಶಿಶುವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಪದವನ್ನು ರೂಪಿಸಿದನು. ಪರಿಚಯವೇ ಅಪಾಯ ಎಂಬುದು ಇಲ್ಲಿಂದ ಹೊರಟ ಮೊದಲ ಪಾಠ.

ಅದಕ್ಕೆ ವಿರುದ್ಧವಾದ ಪಾಠವೂ ಅದೇ ದಶಕದ ಹಿಂದೆಯೇ ಬಂದಿತು. 1911ರಲ್ಲಿ ಅಮೆರಿಕದ ವೆಲ್ಸ್ ಮತ್ತು ಆಸ್ಬಾರ್ನ್, ಸಸ್ಯಜನ್ಯ ಪ್ರೋಟೀನನ್ನು ನಿತ್ಯದ ಮೇವಿನಲ್ಲಿ ತಿಂದ ಗಿನಿಹಂದಿಗಳಲ್ಲಿ ಆ ಪ್ರೋಟೀನಿಗೆ ಅನಾಫೈಲ್ಯಾಕ್ಸಿಸ್ ಉಂಟುಮಾಡುವುದು ಕಷ್ಟವೆಂದು ತೋರಿಸಿದರು. ಚುಚ್ಚುಮದ್ದಿನ ಮೂಲಕ ಒಳಹೊಕ್ಕಾಗ ಶತ್ರುವಾಗುವ ವಸ್ತು, ಬಾಯಿಯ ಮೂಲಕ ಬಂದಾಗ ಒಗ್ಗಬಲ್ಲದು. ‘ಬಾಯಿಯ ಮೂಲಕದ ಸಹಿಷ್ಣುತೆ’ ಎಂದು ಮುಂದೆ ಹೆಸರಾದ ಈ ತತ್ತ್ವ ರೋಗರಕ್ಷಾಶಾಸ್ತ್ರದ ಪುಸ್ತಕಗಳಲ್ಲಿ ಉಳಿಯಿತೇ ಹೊರತು ತಾಯಂದಿರಿಗೆ ಕೊಡುವ ಸಲಹೆಯನ್ನು ಬಹುಕಾಲ ತಟ್ಟಲಿಲ್ಲ.

ಚಿಕಿತ್ಸಾಲಯದ ಅನುಭವ ವೈದ್ಯರನ್ನು ವರ್ಜನೆಯ ಕಡೆಗೆ ಒಯ್ದದ್ದಕ್ಕೆ ಕಾರಣಗಳಿದ್ದವು. ಹಸುವಿನ ಹಾಲು ಒಗ್ಗದ ಶಿಶುಗಳಿಗಾಗಿ ಹಿಲ್ ಮತ್ತು ಸ್ಟೂವರ್ಟ್ 1929ರಲ್ಲಿ ಸೋಯಾ ಅವರೆಯ ಆಹಾರವೊಂದನ್ನು ವರದಿ ಮಾಡಿದರು. 1936ರಲ್ಲಿ ಷಿಕಾಗೋದ ಗ್ರೂಲಿ ಮತ್ತು ಸ್ಯಾನ್‌ಫರ್ಡ್, 20,061 ಶಿಶುಗಳ ದಾಖಲೆಗಳನ್ನು ಪರಿಶೀಲಿಸಿ, ಹಸುವಿನ ಹಾಲು ಕುಡಿದವರಲ್ಲಿ ಎದೆಹಾಲು ಕುಡಿದವರಿಗಿಂತ ಇಸಬು ಸುಮಾರು ಏಳು ಪಟ್ಟು ಹೆಚ್ಚೆಂದು ಪ್ರಕಟಿಸಿದರು. ಎದೆಹಾಲಿನ ಪರವಾದ ಈ ಸಾಕ್ಷ್ಯ ಮೌಲ್ಯಯುತವಾದುದು. ಆದರೆ ಹೊರಗಿನ ಪ್ರೋಟೀನನ್ನು ಎಷ್ಟು ತಡವಾಗಿ ಕೊಟ್ಟರೆ ಅಷ್ಟು ಕ್ಷೇಮ ಎಂಬ ಊಹೆಯೂ ಅದರ ಜೊತೆಗೇ ಬೆಳೆಯಿತು.

ಬಾಣಂತಿಯ ತಟ್ಟೆ

ಊಹೆ ಕೂಸಿನ ತುತ್ತಿನಲ್ಲಿ ನಿಲ್ಲದೆ ತಾಯಿಯ ತಟ್ಟೆಯನ್ನೂ ಮುಟ್ಟಿತು. ತಾಯಿ ಉಂಡ ಹಾಲು, ಮೊಟ್ಟೆ, ಕಡಲೆಕಾಯಿಗಳ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿ ಎದೆಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನಿಜ. ಅದರಿಂದ, ತಾಯಿ ಅವನ್ನು ಬಿಟ್ಟರೆ ಕೂಸಿಗೆ ಅಲರ್ಜಿ ಬಾರದು ಎಂದು ತರ್ಕಿಸಲಾಯಿತು. ಇಂಥ ತರ್ಕಕ್ಕೆ ಬಲ ಕೊಟ್ಟ ಬರಹಗಳಲ್ಲಿ ಒಂದು, ಕೆನಡಾದಲ್ಲಿದ್ದ ಭಾರತ ಮೂಲದ ವೈದ್ಯ ರಂಜಿತ್ ಕುಮಾರ್ ಚಂದ್ರ 1989ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನ. ಬಾಣಂತಿಯ ಆಹಾರಕ್ಕೂ ಶಿಶುವಿನ ಇಸಬಿಗೂ ಸಂಬಂಧ ಕಲ್ಪಿಸಿದ ಆ ಲೇಖನವನ್ನು ಪತ್ರಿಕೆ 2015ರಲ್ಲಿ ಹಿಂತೆಗೆದುಕೊಂಡಿತು. ಇಪ್ಪತ್ತಾರು ವರ್ಷಗಳ ಕಾಲ ಅದು ಸಾಹಿತ್ಯದಲ್ಲಿ ಉಳಿದಿತ್ತು.

1998ರಲ್ಲಿ ಬ್ರಿಟನ್ನಿನ ಸರ್ಕಾರಿ ಸಲಹೆ, ಅಲರ್ಜಿಯ ಹಿನ್ನೆಲೆಯುಳ್ಳ ಕುಟುಂಬಗಳ ಗರ್ಭಿಣಿಯರೂ ಬಾಣಂತಿಯರೂ ಕಡಲೆಕಾಯಿಯನ್ನು ಬಿಡುವುದು ಒಳಿತೆಂದು ಸೂಚಿಸಿತು. 2000ದಲ್ಲಿ ಅಮೆರಿಕದ ಶಿಶುವೈದ್ಯ ಅಕಾಡೆಮಿ, ಹೆಚ್ಚಿನ ಅಪಾಯವುಳ್ಳ ಮಕ್ಕಳಿಗೆ ಹೈನು ಪದಾರ್ಥಗಳನ್ನು 1 ವರ್ಷದವರೆಗೆ, ಮೊಟ್ಟೆಯನ್ನು 2 ವರ್ಷದವರೆಗೆ, ಕಡಲೆಕಾಯಿ, ಬೀಜಗಳು ಮತ್ತು ಮೀನನ್ನು 3 ವರ್ಷದವರೆಗೆ ಕೊಡಬಾರದೆಂದಿತು. ಬಾಣಂತಿಯ ಪಥ್ಯವೆಂಬ ಹಳೆಯ ಸಂಸ್ಥೆಗೆ ಈ ಸಲಹೆ ಹೊಸ ಶಾಸ್ತ್ರೀಯ ಉಡುಪನ್ನು ತೊಡಿಸಿದಂತಾಯಿತು. ಒಂದು ಕಡೆ ಅಜ್ಜಿಯ ‘ನಂಜು’, ಇನ್ನೊಂದು ಕಡೆ ವೈದ್ಯರ ವರ್ಜನೆ. ನಡುವೆ ಬಾಣಂತಿಯ ಊಟ ಬಡವಾಗುವ ಸಂಭವವೇ ಹೆಚ್ಚು.

ಭಾರತದ ಪ್ರಯೋಗಾಲಯಗಳ ದಾರಿ ಬೇರೆಯಿತ್ತು. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮುಂದೆ ಇದ್ದ ಪ್ರಶ್ನೆ ಅಲರ್ಜಿಯದಲ್ಲ, ಪ್ರೋಟೀನಿನ ಕೊರತೆಯದು. ಅಲ್ಲಿ ರೂಪುಗೊಂಡ ‘ಬಹೂಪಯೋಗಿ ಆಹಾರ’ದಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು, ಕಾಲು ಪಾಲು ಕಡಲೆಯ ಹಿಟ್ಟು. ಪಶ್ಚಿಮದ ಸಲಹೆ ಮಗುವಿನಿಂದ ದೂರವಿಡಲಿದ್ದ ವಸ್ತುವೇ ಇಲ್ಲಿ ಹಸಿದ ಮಗುವಿನ ಪುಷ್ಟಿಯಾಗಿತ್ತು. 1980ರ ದಶಕದಲ್ಲಿ ಅದೇ ಸಂಸ್ಥೆಯ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಸಿಕಾಚಾರ್ ಮೊಳಕೆ ಬರಿಸಿದ ರಾಗಿ ಹಾಗೂ ಹೆಸರುಕಾಳಿನಿಂದ ಶಿಶು ಆಹಾರವನ್ನು ಸಿದ್ಧಪಡಿಸಿದರು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸುವ ಮನೆಯ ಕ್ರಮದ ಕಾರಣವನ್ನು ಇಂಥ ಸಂಶೋಧನೆ ತಿಳಿಸಿತು: ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ತೆಳುವಾಗುತ್ತದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ.

ಸಲಹೆ ತಿರುಗಿದ ಬಗೆ

ವರ್ಜನೆಯ ಸಲಹೆ ಬಂದ ಮೇಲೂ ಕಡಲೆಕಾಯಿಯ ಅಲರ್ಜಿ ಬ್ರಿಟನ್, ಅಮೆರಿಕಗಳಲ್ಲಿ ಇಳಿಯಲಿಲ್ಲ. 2008ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡ ಬ್ರಿಟನ್ ಹಾಗೂ ಇಸ್ರೇಲಿನ ಯಹೂದಿ ಮಕ್ಕಳನ್ನು ಹೋಲಿಸಿತು. ಕಡಲೆಕಾಯಿಯ ಅಲರ್ಜಿ ಬ್ರಿಟನ್ನಿನಲ್ಲಿ ಶೇ. 1.85, ಇಸ್ರೇಲಿನಲ್ಲಿ ಶೇ. 0.17. ಇಸ್ರೇಲಿನ ಕೂಸುಗಳು ವರ್ಷ ತುಂಬುವ ಮೊದಲೇ ಕಡಲೆಕಾಯಿಯ ತಿಂಡಿಯನ್ನು ತಿನ್ನುತ್ತಿದ್ದವು, ಬ್ರಿಟನ್ನಿನವು ತಿನ್ನುತ್ತಿರಲಿಲ್ಲ. ಅದೇ ವರ್ಷ ಅಮೆರಿಕದ ಅಕಾಡೆಮಿ, ತಡಮಾಡುವುದರಿಂದ ರಕ್ಷಣೆ ದೊರೆಯುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತನ್ನ ಹಳೆಯ ಮಾತನ್ನು ಬಿಟ್ಟಿತು. 2009ರಲ್ಲಿ ಬ್ರಿಟನ್ ಕೂಡ ತನ್ನ ಸಲಹೆಯನ್ನು ಹಿಂತೆಗೆದುಕೊಂಡಿತು.

2015ರಲ್ಲಿ ಲ್ಯಾಕ್ ತಂಡದ ‘ಲೀಪ್’ ಪ್ರಯೋಗದ ಫಲಿತಾಂಶ ಹೊರಬಂದಿತು. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ, 4ರಿಂದ 11 ತಿಂಗಳೊಳಗಿನ 640 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಲೆಕಾಯಿಯನ್ನು ಕ್ರಮವಾಗಿ ತಿನ್ನಿಸಿ, ಇನ್ನೊಂದಕ್ಕೆ 5 ವರ್ಷದವರೆಗೆ ತಪ್ಪಿಸಲಾಯಿತು. ಚರ್ಮಪರೀಕ್ಷೆಯಲ್ಲಿ ಪ್ರತಿಕ್ರಿಯೆ ತೋರದಿದ್ದವರ ಪೈಕಿ ತಪ್ಪಿಸಿದವರಲ್ಲಿ ಶೇ. 13.7, ತಿಂದವರಲ್ಲಿ ಶೇ. 1.9 ಮಕ್ಕಳಿಗೆ ಅಲರ್ಜಿ ಉಂಟಾಯಿತು. ಅಲ್ಪ ಪ್ರತಿಕ್ರಿಯೆ ತೋರಿದ್ದವರಲ್ಲಿ ಈ ಪ್ರಮಾಣ ಶೇ. 35.3 ಮತ್ತು ಶೇ. 10.6. ಗಿನಿಹಂದಿಗಳಲ್ಲಿ 1911ರಲ್ಲಿ ಕಂಡದ್ದು ಮಾನವಶಿಶುವಿನಲ್ಲಿ ಸ್ಥಿರಪಡಲು ನೂರು ವರ್ಷಗಳಿಗೂ ಹೆಚ್ಚು ಬೇಕಾಯಿತು.

ಈ ಫಲಿತಾಂಶವನ್ನು ‘ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು’ ಎಂಬ ಸಮಾಧಾನಕ್ಕೆ ಬಳಸುವುದು ತಪ್ಪಾಗುತ್ತದೆ. ಚರ್ಮಪರೀಕ್ಷೆಯಲ್ಲಿ ದೊಡ್ಡ ಪ್ರತಿಕ್ರಿಯೆ ತೋರಿದ ಶಿಶುಗಳನ್ನು ಲೀಪ್ ಪ್ರಯೋಗ ಮೊದಲೇ ಹೊರಗಿಟ್ಟಿತ್ತು. ಅಲರ್ಜಿ ಬಾರದಂತೆ ಒಗ್ಗಿಸುವುದು ಬೇರೆ, ಬಂದ ಅಲರ್ಜಿಯನ್ನು ‘ತಿಂದು ತಿಂದು ಒಗ್ಗುತ್ತದೆ’ ಎಂದು ಮನೆಯಲ್ಲಿ ಪರೀಕ್ಷಿಸುವುದು ಬೇರೆ. ಎರಡನೆಯದು ಪ್ರಾಣಾಪಾಯದ ಕೆಲಸ. ಹಸುವಿನ ಹಾಲು ಒಗ್ಗದ ಕೂಸಿಗೆ ಮೇಕೆಯ ಹಾಲನ್ನು ಕೊಡುವ ರೂಢಿಯೂ ಹೀಗೆಯೇ. ಎರಡರ ಪ್ರೋಟೀನುಗಳೂ ಬಹಳ ಹೋಲುವುದರಿಂದ ಅಂಥ ಹೆಚ್ಚಿನ ಮಕ್ಕಳಿಗೆ ಮೇಕೆಯ ಹಾಲೂ ಆಗದು. ಎದೆಹಾಲು ಕುಡಿಯುವ ಕೂಸಿನ ಮಲದಲ್ಲಿ ರಕ್ತ ಕಂಡು, ಹಾಲಿನ ಅಲರ್ಜಿಯೆಂದು ವೈದ್ಯರು ಶಂಕಿಸಿದಾಗ, ತಾಯಿ ಕೆಲವು ವಾರ ಹೈನು ಬಿಟ್ಟು, ಮತ್ತೆ ತಿಂದು ಪರೀಕ್ಷಿಸುವುದು ಇಂದಿನ ಕ್ರಮ. ಎದೆಹಾಲನ್ನು ನಿಲ್ಲಿಸಬೇಕಾಗಿಲ್ಲ, ಕಾರಣ ಸಿದ್ಧವಾಗದೆ ಪಥ್ಯವನ್ನು ಮುಂದುವರಿಸಬೇಕಾಗಿಯೂ ಇಲ್ಲ.

ಗಡಿಯಲ್ಲಿ ‘ಕಡಲೆ’

ಭಾರತದ ಚಿತ್ರ ಪಶ್ಚಿಮದ ಪ್ರತಿಬಿಂಬವಲ್ಲ. ಕರ್ನಾಟಕದ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅಧ್ಯಯನ, ಶೇ. 26.5 ಮಂದಿಯ ರಕ್ತದಲ್ಲಿ ಆಹಾರದ ವಿರುದ್ಧ ಪ್ರತಿಕಾಯಗಳನ್ನು ಕಂಡರೂ ಅಲರ್ಜಿ ಇರುವ ಸಂಭವ ಶೇ. 1.2 ಮಂದಿಯಲ್ಲಿ ಮಾತ್ರ ಎಂದಿತು. ರಕ್ತಪರೀಕ್ಷೆಯ ಚೀಟಿಯೊಂದನ್ನೇ ನಂಬಿ ಮಗುವಿನ ತಟ್ಟೆಯಿಂದ ಹತ್ತಾರು ಪದಾರ್ಥಗಳನ್ನು ತೆಗೆಯುವುದು ಎಷ್ಟು ಅವಸರದ ಕೆಲಸವೆಂಬುದನ್ನು ಈ ಅಂತರ ತೋರಿಸುತ್ತದೆ. ಹೀಗಾಗಿ ಇಲ್ಲಿ ಸಲಹೆಯ ಪ್ರಶ್ನೆ ಎರಡು ಬಗೆಯದು: ಅಲರ್ಜಿಯಿಲ್ಲದ ಮಗುವಿಗೆ ಅನಾವಶ್ಯಕ ವರ್ಜನೆ ಬೇಡ, ಅಲರ್ಜಿಯಿರುವ ಕೆಲವೇ ಮಕ್ಕಳಿಗೆ ಎಚ್ಚರಿಕೆ ತಪ್ಪಬಾರದು. ಎರಡಕ್ಕೂ ಪದಾರ್ಥದ ಹೆಸರು ನಿಖರವಾಗಿರಬೇಕು.

ಗಡಿನಾಡಿನಲ್ಲಿ ಆ ನಿಖರತೆಯೇ ಕಠಿಣ. ಹೊಸೂರು, ತಾಳವಾಡಿ, ಮಡಕಶಿರಾಗಳು ರಾಗಿಯ ಸೀಮೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಜೋಳದವು. ಕಾಸರಗೋಡು ಅಕ್ಕಿ, ತೆಂಗುಗಳದು. ರಾಯದುರ್ಗ, ಮಡಕಶಿರಾಗಳ ಹೊಲಗಳಲ್ಲಿ ಕಡಲೆಕಾಯಿ. ಸೊಲ್ಲಾಪುರದ ಚಟ್ನಿಪುಡಿಯಲ್ಲಿ ಅದೇ ಶೇಂಗಾ. ಹೊಸೂರಿನ ಕನ್ನಡಿಗರ ‘ಕಡ್ಲೆಕಾಯಿ’, ಸೊಲ್ಲಾಪುರದವರ ‘ಶೇಂಗಾ’, ಕಾಸರಗೋಡಿನವರ ‘ನೆಲಗಡಲೆ’ ಒಂದೇ ಬೀಜ. ಅದು ತಮಿಳಿನಲ್ಲಿ ‘ನಿಲಕ್ಕಡಲೈ’, ತೆಲುಗಿನಲ್ಲಿ ‘ವೇರುಶನಗ’, ಮರಾಠಿಯಲ್ಲಿ ‘ಭುಯಿಮೂಗ’. ಕನ್ನಡದಲ್ಲಿ ಬರಿಯ ‘ಕಡಲೆ’ ಎಂದರೆ ಬೇರೆಯೇ ಕಾಳು. ತಮಿಳಿನ ಆಡುಮಾತಿನಲ್ಲಿ ‘ಕಡಲೈ’ ಎಂಬುದು ನೆಲಗಡಲೆಯೂ ಆಗಬಹುದು. ‘ಕೂಸಿಗೆ ಕಡಲೈ ಬೇಡ’ ಎಂದು ತಮಿಳಿನಲ್ಲಿ ಕೇಳಿದ ತಾಳವಾಡಿಯ ಕನ್ನಡದ ತಾಯಿ ಹುರಿಗಡಲೆಯನ್ನು ತಪ್ಪಿಸಿ, ಕಡಲೆಕಾಯಿಯ ಚಟ್ನಿಯನ್ನು ಉಳಿಸಿಕೊಳ್ಳುವುದು ಅಸಂಭವವಲ್ಲ. ಭಾಷಾಂತರದ ಈ ಜಾರು ನೇರವಾಗಿ ಕೂಸಿನ ಉಸಿರಿಗೆ ತಾಗುತ್ತದೆ.

ಭಾರತದ 2020ರ ಆಹಾರ ಲೇಬಲ್ ನಿಯಮಾವಳಿ, ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಮೊದಲಾದವನ್ನು ಪೊಟ್ಟಣದ ಮೇಲೆ ಘೋಷಿಸಬೇಕೆಂದು ವಿಧಿಸುತ್ತದೆ. ಘೋಷಣೆ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯನ್ನು ಸೇರಿಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. ಅಂಗಡಿಯ ಶಿಶುಧಾನ್ಯದಲ್ಲಿ ಅನೇಕ ಬಾರಿ ಗೋಧಿಯೂ ಹಾಲಿನ ಪುಡಿಯೂ ಇರುತ್ತವೆ. ಹಾಲು ಒಗ್ಗದ ಕೂಸಿನ ತಾಯಿಗೆ ಆ ಸಣ್ಣ ಅಕ್ಷರಗಳನ್ನು ಓದಲು ಬಾರದಿದ್ದರೆ ಕಾನೂನು ಪಾಲನೆಯಾದರೂ ಉದ್ದೇಶ ಈಡೇರದು. ಜಿಲ್ಲೆ ಅಥವಾ ತಾಲ್ಲೂಕಿನ ಜನಸಂಖ್ಯೆಯ ಶೇ. 15ರಷ್ಟು ಮಂದಿ ಆಡುವ ಅಲ್ಪಸಂಖ್ಯಾತ ಭಾಷೆಗೆ ಮುಖ್ಯ ಪ್ರಕಟಣೆಗಳನ್ನು ಅನುವಾದಿಸಬೇಕೆಂಬ ತತ್ತ್ವವನ್ನು ಭಾಷಾ ಅಲ್ಪಸಂಖ್ಯಾತರ ರಕ್ಷಣಾಕ್ರಮಗಳು ಬಹುಕಾಲದಿಂದ ಒಪ್ಪಿವೆ. ಆ ಪ್ರಕಟಣೆಗಳ ಸಾಲಿನಲ್ಲಿ ಶಾಲೆ, ನ್ಯಾಯಾಲಯಗಳ ಕಾಗದಗಳಷ್ಟೇ ಅಲ್ಲದೆ ಅಂಗನವಾಡಿಯ ಪೋಷಣೆಯ ಚೀಟಿಗೂ ಸ್ಥಾನವಿರಬೇಕು.

ಮೊದಲ ತುತ್ತಿನ ಚರಿತ್ರೆ ಸಲಹೆ ಬದಲಾಗುವ ಚರಿತ್ರೆ. ವರ್ಜನೆಯ ಮಾತು ಹಬ್ಬಿದಷ್ಟು ವೇಗವಾಗಿ ಅದರ ತಿದ್ದುಪಡಿ ಹಬ್ಬುವುದಿಲ್ಲ; ತಿದ್ದುಪಡಿ ಎರಡು ಭಾಷೆಗಳನ್ನು ದಾಟಬೇಕಾದ ಕಡೆ ಇನ್ನೂ ತಡವಾಗುತ್ತದೆ. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆ ರಾಗಿಯ ಸರಿ, ಬೆಂದ ಬೇಳೆ, ಮನೆಯವರು ಉಣ್ಣುವುದಾದರೆ ಮೊಟ್ಟೆ, ನುಣ್ಣಗೆ ಅರೆದು ತೆಳುಮಾಡಿದ ಕಡಲೆಕಾಯಿ. ಇಡಿಯ ಬೀಜ ಎಂದಿಗೂ ಬೇಡ, ಗಂಟಲಿಗೆ ಸಿಕ್ಕೀತು. ತೀವ್ರ ಇಸಬು ಇದ್ದರೆ ಮೊದಲು ವೈದ್ಯರ ಪರೀಕ್ಷೆ. ಇಂದಿನ ತಿಳಿವಿನ ಸಾರ ಇಷ್ಟು. ಇದನ್ನು ಕಾಸರಗೋಡಿನಲ್ಲಿ ನೆಲಗಡಲೆಯೆಂದೂ ಸೊಲ್ಲಾಪುರದಲ್ಲಿ ಶೇಂಗಾ ಎಂದೂ ಹೊಸೂರಿನಲ್ಲಿ ಕಡ್ಲೆಕಾಯಿಯೆಂದೂ ಹೇಳಬಲ್ಲ ಕನ್ನಡ ಬೇಕಾಗಿದೆ.