ಒಳಲೆಯ ಮೂತಿಯಲ್ಲಿ ಹಾಲು

1956ರವರೆಗೆ ಕೊಳ್ಳೇಗಾಲ, ಹನೂರು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು ಮೈಸೂರಿನದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದು. ನಡುವೆ ಗಡಿಯಿದ್ದರೂ ಬಾಣಂತಿ ಕೋಣೆಯ ಸಾಮಾನು ಒಂದೇ: ಮೂತಿ ಚಾಚಿದ ಪುಟ್ಟ ಬಟ್ಟಲು. ಕನ್ನಡದಲ್ಲಿ ಒಳಲೆ, ತಮಿಳಿನಲ್ಲಿ ಪಾಲಾಡೈ.

ಉಳ್ಳವರಲ್ಲಿ ಅದು ಬೆಳ್ಳಿಯದು. ಅಜ್ಜಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಹಾಲನ್ನೋ ತೇದ ಬಜೆಯನ್ನೋ ಹರಳೆಣ್ಣೆಯನ್ನೋ ಹುಯ್ಯುತ್ತಿದ್ದಳು. ಅಳುವ ಕೂಸಿಗೆ ಎಣ್ಣೆ ಹುಯ್ದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಅದು ಬಿಡಲೇಬೇಕಾದ ಪದ್ಧತಿ.

ಪಾತ್ರೆ ಮಾತ್ರ ಆಸ್ಪತ್ರೆಯ ಒಳಕ್ಕೂ ಬಂತು.

ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಒಂದು ಲಯಕ್ಕೆ ಬರುವುದು ಗರ್ಭದ ಸುಮಾರು 34ನೇ ವಾರಕ್ಕೆ. ಅದಕ್ಕೂ ಮುಂಚೆ ಹುಟ್ಟಿದ ಕೂಸು ಮೊಲೆಗೆ ಬಾಯಿ ಹಾಕಿದರೂ ಬೇಗ ದಣಿಯುತ್ತದೆ. ಹಾಗಾಗಿ ಮೊದಲು ಹೊಟ್ಟೆಗೆ ನಳಿಕೆಯ ಮೂಲಕ ಹಾಲು. ಸುಮಾರು 32 ವಾರ ತುಂಬಿದ ಮೇಲೆ ತೊಳೆದು ಕುದಿಸಿದ ಸ್ಟೀಲಿನ ಒಳಲೆ. ತಾಯಿ ಹಿಂಡಿ ಕೊಟ್ಟ ಹಾಲು, ತುಟಿಯಂಚಿಗೆ ಮೂತಿ, ಕೆಲವೇ ಹನಿ. ನುಂಗುವವರೆಗೆ ಕಾಯಬೇಕು. ಮತ್ತೆ ಹನಿ. ಈ ಕಾಯುವಿಕೆಯೇ ಇಡೀ ವಿದ್ಯೆ.

ಹನೂರಿನ ಕಾಡಂಚಿನ ಅಜ್ಜಿಗೆ ಪಾತ್ರೆಯ ಪರಿಚಯ ಬೇಕಿಲ್ಲ. ಬದಲಾಗಬೇಕಾದದ್ದು ಭಂಗಿ: ಕೂಸು ಎಚ್ಚರವಾಗಿರಬೇಕು, ತಲೆ ತುಸು ಎತ್ತರದಲ್ಲಿರಬೇಕು.