ಜ್ವಾಲಾಮುಖಿ ವಿಜ್ಞಾನದ ಇತಿಹಾಸ

ಜ್ವಾಲಾಮುಖಿಗಳ ಅಧ್ಯಯನ ಬಹುಕಾಲ ಅನಾಹುತ ಮುಗಿದ ಮೇಲಿನ ವರದಿಯಾಗಿಯೇ ಉಳಿದಿತ್ತು. ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಸ್ಫೋಟಿಸಿದಾಗ ರೋಮನ್ ಲೇಖಕ ಕಿರಿಯ ಪ್ಲಿನಿ ತಾನು ಕಂಡದ್ದನ್ನು ಪತ್ರಗಳಲ್ಲಿ ಬರೆದಿಟ್ಟ. ಆ ಬಗೆಯ ಸ್ಫೋಟಕ್ಕೆ ಇಂದಿಗೂ ಅವನದೇ ಹೆಸರು. ಅದೇ ಪರ್ವತದ ಮಗ್ಗುಲಲ್ಲಿ ಜಗತ್ತಿನ ಮೊದಲ ಜ್ವಾಲಾಮುಖಿ ವೀಕ್ಷಣಾಲಯ ತಲೆಯೆತ್ತಿದ್ದು 1841ರಲ್ಲಿ. 1902ರಲ್ಲಿ ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದ ಪೆಲೀ ಪರ್ವತ ಉಗುಳಿದ ಕಾದ ಬೂದಿ ಮತ್ತು ಅನಿಲಗಳ ಪ್ರವಾಹ ಸುಮಾರು 28,000 ಜನರನ್ನು ಕೆಲವೇ ನಿಮಿಷಗಳಲ್ಲಿ ಬಲಿ ತೆಗೆದುಕೊಂಡಿತು. ಆ ವಿನಾಶವನ್ನು ಕಣ್ಣಾರೆ ಕಂಡ ಅಮೆರಿಕದ ಭೂವಿಜ್ಞಾನಿ ಥಾಮಸ್ ಜಗ್ಗರ್ 1912ರಲ್ಲಿ ಹವಾಯಿಯ ಕಿಲವೇಯಾದಲ್ಲಿ ವೀಕ್ಷಣಾಲಯ ಸ್ಥಾಪಿಸಿದರು. ಬೆಟ್ಟ ಸುಮ್ಮನಿರುವಾಗಲೂ ಬಿಡದೆ ಗಮನಿಸಬೇಕೆಂಬ ಅವರ ಪಟ್ಟೇ ಈ ವಿಜ್ಞಾನವನ್ನು ಜೀವರಕ್ಷಕವಾಗಿಸಿತು.

ಆದರೆ ತಿಳಿದಿದ್ದರಷ್ಟೇ ಸಾಲದು. ಕೊಲಂಬಿಯಾದ ನೆವಾಡೊ ಡೆಲ್ ರುಯಿಸ್ ಪರ್ವತದ ಅಪಾಯ ನಕ್ಷೆ 1985ರ ಅಕ್ಟೋಬರಿನಲ್ಲೇ ಸಿದ್ಧವಾಗಿತ್ತು. ಆರ್ಮೇರೊ ಪಟ್ಟಣ ಕೆಸರುಪ್ರವಾಹದ ದಾರಿಯಲ್ಲಿದೆಯೆಂದು ಅದು ತೋರಿಸಿತ್ತು. ನವೆಂಬರ್ 13ರ ರಾತ್ರಿ ಸ್ಫೋಟದ ಬಿಸಿಗೆ ಶಿಖರದ ಹಿಮ ಕರಗಿ, ಕೆಸರು ಕಣಿವೆಗಳಲ್ಲಿ ನುಗ್ಗಿತು. ಪಟ್ಟಣ ಮುಟ್ಟಲು ಅದಕ್ಕೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ದಿಬ್ಬ ಹತ್ತಿ ನಿಲ್ಲಲು ಅಷ್ಟು ಹೊತ್ತು ಸಾಕಿತ್ತು. ಎಚ್ಚರಿಕೆ ಜನರನ್ನು ಸರಿಯಾಗಿ ತಲುಪಲೇ ಇಲ್ಲ. ಸುಮಾರು 23,000 ಜನ ಸತ್ತರು.

ಆ ಪಾಠ ಫಿಲಿಪೀನ್ಸಿನ ಪಿನಾಟುಬೊದಲ್ಲಿ ಫಲಿಸಿತು. 1991ರ ಮೇ ತಿಂಗಳಲ್ಲಿ ಎರಡೇ ವಾರದೊಳಗೆ ಬೆಟ್ಟದಿಂದ ಹೊರಬರುವ ಸಲ್ಫರ್ ಡೈಆಕ್ಸೈಡ್ ಸುಮಾರು ಹತ್ತು ಪಟ್ಟು ಏರಿ, ಬಳಿಕ ದಿಢೀರನೆ ಇಳಿಯಿತು. ಬೆಟ್ಟ ತಣ್ಣಗಾಯಿತೆಂದು ನಂಬಲು ಇದೇ ಸಾಕಿತ್ತು. ಆದರೆ ಭೂಕಂಪಮಾಪಕಗಳು ನಡುಕ ಹೆಚ್ಚುತ್ತಿರುವುದನ್ನು ತೋರಿಸುತ್ತಿದ್ದವು; ಅನಿಲದ ದಾರಿ ಮುಚ್ಚಿಕೊಂಡು ಒಳಗೆ ಒತ್ತಡ ಬೆಳೆಯುತ್ತಿದೆಯೆಂದು ವಿಜ್ಞಾನಿಗಳು ನಿರ್ಣಯಿಸಿದರು. ಫ್ರಾನ್ಸಿನ ಜ್ವಾಲಾಮುಖಿ ವಿಜ್ಞಾನಿ ಮೋರಿಸ್ ಕ್ರಾಫ್ಟ್ ಸಿದ್ಧಪಡಿಸಿದ ವಿಡಿಯೊ ತೋರಿಸಿ ಅಪಾಯವನ್ನು ಮನಗಾಣಿಸಲಾಯಿತು. ಜೂನ್ 15ರ ಮಹಾಸ್ಫೋಟಕ್ಕೆ ಮುನ್ನ ಹತ್ತಾರು ಸಾವಿರ ಜನ ಊರು ಬಿಟ್ಟಿದ್ದರು. ಕನಿಷ್ಠ 5,000 ಜೀವ ಉಳಿದವೆಂಬ ಅಂದಾಜಿದೆ. ಕ್ರಾಫ್ಟ್ ಮಾತ್ರ ಜೂನ್ 3ರಂದೇ ಜಪಾನಿನ ಉನ್ಜೆನ್ ಪರ್ವತದಲ್ಲಿ ಪತ್ನಿ ಕಾಟಿಯಾ ಜೊತೆ ಅಸುನೀಗಿದ್ದರು.

ಮುನ್ಸೂಚನೆ ಹುಸಿಯಾದರೆ ಜನ ಮುಂದೆ ನಂಬುವುದಿಲ್ಲವೆಂಬ ಆಕ್ಷೇಪಕ್ಕೆ ಆಧಾರವಿದೆ. 1976ರಲ್ಲಿ ಗ್ವಾದೆಲೂಪ್ ದ್ವೀಪದಲ್ಲಿ 70,000ಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ತೆರವುಗೊಳಿಸಿದರೂ ಮಹಾಸ್ಫೋಟ ಆಗಲಿಲ್ಲ. ಇನ್ನೊಂದೆಡೆ, ಜಪಾನಿನ ಒಂಟಾಕೆ ಪರ್ವತ 2014ರಲ್ಲಿ ಸಾಕಷ್ಟು ಸುಳಿವೇ ಕೊಡದೆ ಸಿಡಿದು ಚಾರಣಿಗರನ್ನು ಕೊಂದಿತು. ಹಾಗೆಂದು ಈ ವಿಜ್ಞಾನ ವ್ಯರ್ಥವಾಗುವುದಿಲ್ಲ. ಅದು ಹೇಳುವುದು ಸಂಭವನೀಯತೆಯನ್ನು, ಮುಹೂರ್ತವನ್ನಲ್ಲ. ಒಂದು ಬೆಟ್ಟದ ಸಹಜ ನಡವಳಿಕೆಯ ದಾಖಲೆ ಎಷ್ಟು ದೀರ್ಘವೋ ತಪ್ಪುವ ಸಾಧ್ಯತೆ ಅಷ್ಟು ಕಡಿಮೆ. ಜಗತ್ತಿನ ಅನೇಕ ಸಕ್ರಿಯ ಜ್ವಾಲಾಮುಖಿಗಳ ಬಳಿ ಇಂದಿಗೂ ಇಂಥ ದಾಖಲೆ ಕೊಡಬಲ್ಲ ಉಪಕರಣಗಳಿಲ್ಲ. ಹಣ ಮೊದಲು ಹೋಗಬೇಕಾದದ್ದು ಅಲ್ಲಿಗೆ.