ವರ್ತೂರು ಕೆರೆಯ ಹಸಿರು: ಕ್ಲೋರೆಲ್ಲಾ ಅಧ್ಯಯನದ ಒಂದು ಸಮೀಕ್ಷೆ

ವೈಟ್‌ಫೀಲ್ಡಿನ ದಕ್ಷಿಣಕ್ಕೆ, ಬೆಳ್ಳಂದೂರಿನ ಕೋಡಿನೀರನ್ನು ಪಡೆದು ದಕ್ಷಿಣ ಪಿನಾಕಿನಿಯತ್ತ ಹರಿಯಗೊಡುವ ವರ್ತೂರು ಕೆರೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇರಿಸಿದರೆ, ಬರಿಗಣ್ಣಿಗೆ ಕೇವಲ ಹಸಿರು ಛಾಯೆಯೆನಿಸಿದ್ದುದು ಅಸಂಖ್ಯ ಜೀವಿಗಳ ಸಮುದಾಯವಾಗಿ ಗೋಚರಿಸುತ್ತದೆ. ಅವುಗಳಲ್ಲಿ, ಮಿಲಿಮೀಟರಿನ ನೂರನೆಯ ಒಂದಂಶವನ್ನು ಸಾಮಾನ್ಯವಾಗಿ ಮೀರದ, ದುಂಡನೆಯ, ಚಲನಾಂಗರಹಿತವಾದ ಏಕಕೋಶಿಗಳು ಕ್ಲೋರೆಲ್ಲಾ ಕುಲದ ಹಸಿರು ಶೈವಲಗಳು. ಕೆರೆ, ಕುಂಟೆ, ತೇವದ ನೆಲ, ಕೊಳಚೆಯ ಹೊಂಡ ಎಲ್ಲೆಡೆಯೂ ನೆಲೆಸಬಲ್ಲ ಈ ಕುಲದ ಅಧ್ಯಯನವು ನಡೆದುಬಂದ ದಾರಿಯು ನಮ್ಮ ಕೆರೆಗಳ ಇಂದಿನ ಅವಸ್ಥೆಯನ್ನರಿಯಲು ಬಹಳಮಟ್ಟಿಗೆ ಸಹಾಯಕವಾಗಿದೆ.

1890ರಲ್ಲಿ ಹಾಲೆಂಡಿನ ಬೈಯರಿಂಕ್ ಮಹಾಶಯನು ಕ್ಲೋರೆಲ್ಲಾ ವಲ್ಗ್ಯಾರಿಸ್ ಎಂಬ ಪ್ರಭೇದವನ್ನು ಪ್ರತ್ಯೇಕಿಸಿ ವರ್ಣಿಸಿದನು. ಶೀಘ್ರವಾಗಿ ವೃದ್ಧಿಹೊಂದುವ, ಪ್ರಯೋಗಶಾಲೆಯಲ್ಲಿ ಸುಲಭವಾಗಿ ಬೆಳೆಯುವ ಈ ಕುಲವನ್ನೇ ಆಧರಿಸಿ ವಾರ್‌ಬರ್ಗ್ ಎಂಬ ವಿಜ್ಞಾನಿಯು 1919ರ ವೇಳೆಗೆ ದ್ಯುತಿಸಂಶ್ಲೇಷಣೆಯನ್ನು ಅಳೆಯತೊಡಗಿದನು; ಇಂಗಾಲವು ಸಕ್ಕರೆಯಾಗಿ ಪರಿಣಮಿಸುವ ಮಾರ್ಗವನ್ನು ಹಸಿರು ಶೈವಲಗಳಲ್ಲಿಯೇ ಶೋಧಿಸಿದ ಕ್ಯಾಲ್ವಿನ್ನನಿಗೆ 1961ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಭಾರತದಲ್ಲಿ ಶೈವಲಶಾಸ್ತ್ರಕ್ಕೆ ತಳಹದಿ ಹಾಕಿದವರು ಮದರಾಸಿನ ಎಂ. ಓ. ಪಿ. ಅಯ್ಯಂಗಾರ್ಯರು; ಕ್ಲೋರೆಲ್ಲಾ ಸೇರಿದ ಗಣವನ್ನು ಕುರಿತ ಫಿಲಿಪೋಸರ ಬೃಹದ್ಗ್ರಂಥವು 1967ರಲ್ಲಿ ಪ್ರಕಟವಾಯಿತು. ಎಪ್ಪತ್ತರ ದಶಕದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಜರ್ಮನರ ಸಹಕಾರದಿಂದ ಸೀನೆಡೆಸ್ಮಸ್ ಎಂಬ ಹಸಿರು ಶೈವಲವನ್ನು ತೊಟ್ಟಿಗಳಲ್ಲಿ ಬೆಳೆಸಿ, ಬಡವರ ಊಟಕ್ಕೆ ಸಸಾರಜನಕವನ್ನೊದಗಿಸುವ ಸಾಧ್ಯತೆಯನ್ನು ಪರೀಕ್ಷಿಸಿತು.

ಶೈವಲಗಳ ಅಧ್ಯಯನದ ಇನ್ನೊಂದು ಕವಲು ಕೊಳಚೆಯತ್ತ ಹೊರಳಿತು. ಬ್ಯಾಕ್ಟೀರಿಯಗಳು ಕಲ್ಮಷವನ್ನು ಒಡೆಯುವಾಗ ಹೊರಬೀಳುವ ಇಂಗಾಲಾಮ್ಲವನ್ನು ಶೈವಲವು ಹೀರಿ, ಹಗಲಿನಲ್ಲಿ ಆಮ್ಲಜನಕವನ್ನು ಅವುಗಳಿಗೆ ಮರಳಿಸುವ ಪರಸ್ಪರೋಪಕಾರವನ್ನು ಕ್ಯಾಲಿಫೋರ್ನಿಯದ ಆಸ್ವಾಲ್ಡನು ಐವತ್ತರ ದಶಕದಲ್ಲಿ ಕೊಳಚೆಯ ಕೊಳಗಳ ವಿನ್ಯಾಸಕ್ಕೆ ಅಳವಡಿಸಿದನು. 1969ರಲ್ಲಿ ಪಾಮರ್ ಎಂಬ ವಿಜ್ಞಾನಿಯು ಸಿದ್ಧಪಡಿಸಿದ ಮಾಲಿನ್ಯಸಹಿಷ್ಣು ಶೈವಲಗಳ ಪಟ್ಟಿಯಲ್ಲಿ ಕ್ಲೋರೆಲ್ಲಾ ಅಗ್ರಪಂಕ್ತಿಯಲ್ಲಿಯೇ ಇದ್ದಿತು.

ಈ ಜ್ಞಾನವನ್ನು ನಮ್ಮ ಮನೆಬಾಗಿಲಿಗೆ ತಂದುದು, ಈ ಶತಮಾನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ವರ್ತೂರಿನಲ್ಲಿ ನಡೆಸಿದ ಪರಿಶೀಲನೆ. ನೀರಿನ ಮೇಲ್ಮೈ ತೆರೆದಿದ್ದು ಬಿಸಿಲು ಒಳಗಿಳಿಯುವಾಗ ಶೈವಲಗಳ ದೆಸೆಯಿಂದ ಕೆರೆಯು ತಾನೇ ಒಂದು ಶುದ್ಧೀಕರಣ ಕೊಳವಾಗಿ ವರ್ತಿಸುವುದನ್ನೂ, ಅಂತರಗಂಗೆಯ ಕಳೆ ಹಾಸಿಕೊಂಡೊಡನೆ ಬೆಳಕು ತಪ್ಪಿ, ಆಮ್ಲಜನಕವು ಕ್ಷಯಿಸಿ, ಆ ಶಕ್ತಿಯು ಕುಂದುವುದನ್ನೂ ಅವರು ತೋರಿಸಿಕೊಟ್ಟರು.

ಆದರೆ ಕೊಳಚೆಯಲ್ಲಿನ ಸಾರಜನಕ ರಂಜಕಗಳನ್ನು ಶೈವಲವು ಹೀರಿಕೊಂಡ ಮಾತ್ರಕ್ಕೆ ಅವು ಕೆರೆಯಿಂದ ತೊಲಗಿದಂತಾಗದು. ಶೈವಲವು ಸತ್ತು ಕೊಳೆತರೆ ಅವು ನೀರಿಗೇ ಹಿಂದಿರುಗುವುವು. ಬೆಳೆದುದನ್ನು ಕಾಲಕಾಲಕ್ಕೆ ಸೋಸಿ ತೆಗೆದಾಗಲೇ ಶುದ್ಧಿಯು ಪೂರ್ಣವಾಗುವುದು. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಹೊಲಸು ಸೇರಿದೆಡೆ ಈ ಕೋಶಗಳು ಭಾರಲೋಹಗಳನ್ನೂ ಸಂಗ್ರಹಿಸಿಕೊಳ್ಳುವುದರಿಂದ, ಶುದ್ಧವಾದ ತೊಟ್ಟಿಯಲ್ಲಿ ಆಹಾರವಾಗಬಲ್ಲುದು ಅಲ್ಲಿ ಗೊಬ್ಬರಕ್ಕೂ ಸಲ್ಲದೆ ಹೋಗಬಹುದು. ಆದಕಾರಣ ರಾಜಕಾಲುವೆಗೆ ಕೊಳಚೆಯು ಬೀಳುವಲ್ಲಿಯೇ ಅದನ್ನು ತಡೆಯುವುದು ನಗರದ ಪ್ರಥಮ ಕರ್ತವ್ಯ. ಆ ಕರ್ತವ್ಯವನ್ನು ನೆರವೇರಿಸಿದ ಬಳಿಕ ಉಳಿಯುವ ಅಲ್ಪ ಭಾರವನ್ನಷ್ಟೇ ನಾವು ಈ ಸೂಕ್ಷ್ಮಜೀವಿಗಳಿಗೆ ನ್ಯಾಯವಾಗಿ ಒಪ್ಪಿಸಬಹುದು.